ನಾಚಿಕೆ ಬೇಡ, ಮಾತಾಡೋಣ

ಅಕ್ಕಂದಿರೇ, ತಂಗಿಯರೇ,

ಗನೋರಿಯಾ ಅಂತ ಒಂದು ರೋಗ ಇದೆ. ಗಂಡು ಹೆಣ್ಣು ಕೂಡಿದಾಗ ಹರಡುತ್ತದೆ. ಗಂಡಸಿಗೆ ಉರಿ, ಕೀವು ಬೇಗ ಕಾಣುತ್ತೆ. ನಮಗೆ ಎಷ್ಟೋ ಸಲ ಏನೂ ಕಾಣೋದಿಲ್ಲ. ಒಳಗೊಳಗೇ ಗರ್ಭನಾಳ ಕೆಡುತ್ತದೆ. ಆಮೇಲೆ ‘ಬಂಜೆ’ ಅನ್ನೋ ಮಾತು ಮಾತ್ರ ನಮ್ಮ ಪಾಲಿಗೆ!

1940ರ ದಶಕದಲ್ಲಿ ಪೆನಿಸಿಲಿನ್ ಸೂಜಿಗೆ ಈ ರೋಗಾಣು ಸಾಯುತ್ತಿತ್ತು. ಈಗ ಅದಕ್ಕೆ ಜಗ್ಗೋದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಗೂ ಹೆಚ್ಚಾಗಿ ಜಗ್ಗೋದಿಲ್ಲ. ಏಕೆ? ತಪ್ಪು ಮಾತ್ರೆ, ಕಡಿಮೆ ಮಾತ್ರೆ ನುಂಗಿದರೆ ಗಟ್ಟಿ ರೋಗಾಣುಗಳು ಉಳಿಯುತ್ತವೆ. ಬೇರು ಬಿಟ್ಟು ಕಿತ್ತ ಕಳೆಯ ಹಾಗೆ ಅವೇ ಮತ್ತೆ ಹಬ್ಬುತ್ತವೆ.

ಔಷಧಿ ಅಂಗಡಿಯಲ್ಲಿ ಕೇಳಿ ನುಂಗೋದು ಬೇಡ. ಸರ್ಕಾರಿ ಆಸ್ಪತ್ರೆಗೆ ಹೋಗೋಣ. ಮನೆಯವರಿಗೂ ಮದ್ದಾಗಬೇಕು. ಇಲ್ಲದಿದ್ದರೆ ರೋಗ ಅವರಿಂದ ತಿರುಗಿ ನಮಗೇ. ಅವರು ಬರೋದಿಲ್ಲ ಅಂದರೆ? ಡಾಕ್ಟರಮ್ಮನಿಗೆ ಅದನ್ನೂ ಹೇಳೋಣ.