ಕಾನೂನಿನ ಪುಸ್ತಕ ಎಲ್ಲಿ ಸಿಗುತ್ತದೆ?



ಕಾನೂನು ಗೊತ್ತಿರಲಿಲ್ಲ ಎಂಬ ಸಬೂಬನ್ನು ನ್ಯಾಯಾಲಯ ಒಪ್ಪುವುದಿಲ್ಲ. ಸರಿಯೇ. ಆದರೆ ತಿಳಿಯಲು ಹೊರಟವರಿಗೆ ಪುಸ್ತಕ ಸಿಗಬೇಕಲ್ಲ? ತಾಲ್ಲೂಕು ಊರುಗಳಲ್ಲಿ ಆ ದಪ್ಪ ಸಂಪುಟಗಳು ಹೆಚ್ಚಾಗಿ ವಕೀಲರ ಕಪಾಟಿನಲ್ಲೇ ಇರುತ್ತವೆ.

ಕಿತ್ತೂರಿನಿಂದಲೇ ಹೊರಡೋಣ. 1824ರಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ, ದತ್ತಕ ಬಂದ ಬಾಲಕನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಮುಂದಿನ ಯುದ್ಧ ನಿಮಗೆ ಗೊತ್ತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದಳು. ದತ್ತಕನಿಗೆ ಹಕ್ಕುಂಟೇ ಎಂಬ ಆ ಪ್ರಶ್ನೆ ಇಂದು ನಿಮ್ಮ ಓಣಿಯ ವಿಧವೆಯೊಬ್ಬಳಿಗೆ ಎದುರಾದರೆ ಏನು ಮಾಡುವಿರಿ? ಮೊದಲು ಕಾಯ್ದೆ ತೆಗೆಯಿರಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 12ನೇ ಕಲಮಿನಂತೆ, ದತ್ತಕವಾದ ದಿನದಿಂದ ಮಗು ದತ್ತಕ ಪಡೆದವರದೇ. ತೀರಿಹೋದ ಗಂಡನಿಗೂ ಅದು ಮಗುವೇ? ಇದಕ್ಕೆ ತೀರ್ಪು ನೋಡಬೇಕು: ‘ಎ.ಐ.ಆರ್. 1967 ಎಸ್.ಸಿ. 1761’. ಮಂತ್ರವೇನಲ್ಲ! ಆಲ್ ಇಂಡಿಯಾ ರಿಪೋರ್ಟರ್, 1967ನೇ ವರ್ಷ, ಸುಪ್ರೀಂ ಕೋರ್ಟ್ ವಿಭಾಗ, 1761ನೇ ಪುಟ. ಹೌದು, ಗಂಡನಿಗೂ ಮಗುವೇ ಎಂದು ಅಲ್ಲಿ ಉತ್ತರವಿದೆ. ತೀರ್ಪಿನ ತಲೆಯಲ್ಲಿರುವ ಸಾರಾಂಶ ಸಂಪಾದಕರದು, ನ್ಯಾಯಮೂರ್ತಿಗಳದಲ್ಲ. ಅದನ್ನಷ್ಟೇ ಓದಿ ಪುಸ್ತಕ ಮುಚ್ಚಬೇಡಿ.

ಯಾವ ಕಾಲ, ಯಾವ ನೆಲ ಎಂಬುದನ್ನೂ ಕೇಳಬೇಕು. ಸವದತ್ತಿ ಮುಂಬಯಿ ಪ್ರಾಂತ್ಯದಲ್ಲಿತ್ತು, ಆದ್ದರಿಂದ 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯ್ದೆ ಅಲ್ಲಿಗೆ ಸಲ್ಲುತ್ತಿತ್ತು. ನೆರೆಯ ರಾಮದುರ್ಗ 1948ರವರೆಗೆ ಸಂಸ್ಥಾನ. ಮುಂಬಯಿಯ ಕಾಯ್ದೆಗಳು ಅಲ್ಲಿ ತಾವಾಗಿ ಜಾರಿಯಾಗುತ್ತಿರಲಿಲ್ಲ. ಒಂದು ದಿನದ ದಾರಿಯಲ್ಲಿ ಎರಡು ಕಾನೂನು! ಕರ್ನಾಟಕ ತನ್ನದೇ ದೇವದಾಸಿ ನಿಷೇಧ ಕಾಯ್ದೆಯನ್ನು ಮಾಡಿದ್ದು 1982ರಲ್ಲಿ.

ಹಳೆಯ ಪುಸ್ತಕದ ಬಗ್ಗೆ ಎಚ್ಚರವಿರಲಿ. ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಎಲ್ಲರ ಬಾಯಲ್ಲಿರುವ ‘420’ ಈಗ 318ನೇ ಕಲಮಿಗೆ ಸೇರಿದೆ. ಹಾಗೆಂದು ಹಳೆಯದನ್ನು ರದ್ದಿಗೆ ಹಾಕುವಂತಿಲ್ಲ. ಆ ದಿನಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ.

ಈ ಭಾಗದವರಿಗೆ ಹತ್ತಿರದ ಹಳೆಯ ಕಾನೂನು ಕಾಲೇಜು ಬೆಳಗಾವಿಯ ರಾಜಾ ಲಖಮಗೌಡ ಕಾಲೇಜು, 1939ರದು. ಅಂಥ ಕಡೆ ಹೊರಗಿನವರು ಓದಲು ಮೊದಲು ಅನುಮತಿ ಕೇಳಬೇಕು. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕಂಪ್ಯೂಟರ್ ಇದ್ದರೆ ಅರ್ಧ ಕೆಲಸ ಅಲ್ಲೇ ಆದೀತು. ಕೇಂದ್ರದ ಕಾಯ್ದೆಗಳು ‘ಇಂಡಿಯಾ ಕೋಡ್’ನಲ್ಲಿವೆ, ಸುಪ್ರೀಂ ಕೋರ್ಟಿನ ತೀರ್ಪುಗಳನ್ನು 2023ರಿಂದ ‘ಇ-ಎಸ್‌ಸಿಆರ್’ನಲ್ಲಿ ಕಾಸಿಲ್ಲದೆ ಓದಬಹುದು. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಸಿಗುತ್ತದೆ. ಅರ್ಥ ಮಾಡಿಕೊಳ್ಳಲು ಅದನ್ನು ಓದಿ. ಕೋರ್ಟಿನಲ್ಲಿ ಎತ್ತಿ ತೋರಿಸಬೇಕಾದದ್ದು ಮಾತ್ರ ಇಂಗ್ಲಿಷಿನ ಮೂಲವನ್ನೇ.