ನೀರಿನಡಿಯ ಹೆಸರುಗಳು



ಅಮೆರಿಕ ಮತ್ತು ಕೆನಡಾ ನಡುವೆ ಸುಪೀರಿಯರ್ ಎಂಬ ಸಿಹಿನೀರಿನ ಸರೋವರವಿದೆ. ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ದೊಡ್ಡದು. ಆಳದ ನೀರು ವರ್ಷವಿಡೀ 4 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಸಮುದ್ರದಲ್ಲಿ ಮರ ಕೊರೆದು ತಿನ್ನುವ ಹುಳು ಸಿಹಿನೀರಲ್ಲಿ ಬದುಕುವುದಿಲ್ಲ. ಹೀಗಾಗಿ ಆ ಸೀಮೆಯ ಸರೋವರಗಳ ತಳದಲ್ಲಿ ನೂರು ವರ್ಷ ದಾಟಿದ ಮರದ ಹಡಗುಗಳು ಇನ್ನೂ ಗಟ್ಟಿಯಾಗಿವೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದವರಿಗೆ ತೊಲೆ, ಚುಕ್ಕಾಣಿ, ಲಂಗರು ಕಾಣುತ್ತವೆ. ಕಣ್ತುಂಬ ನೋಡಬಹುದು, ಕಿತ್ತು ತರುವಂತಿಲ್ಲ.

1975ರ ನವೆಂಬರ್ 10ರಂದು ಕಬ್ಬಿಣದ ಅದಿರು ಹೊತ್ತಿದ್ದ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಎಂಬ ಹಡಗು ಅಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಇದ್ದ 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 1995ರಲ್ಲಿ ಮನೆಯವರ ಕೋರಿಕೆಯಂತೆ ಹಡಗಿನ ಗಂಟೆಯನ್ನು ಮೇಲೆ ತಂದರು. ಆ ಜಾಗವನ್ನು ಬರಿದು ಬಿಡಲಿಲ್ಲ. 29 ಹೆಸರು ಕೆತ್ತಿದ ಇನ್ನೊಂದು ಗಂಟೆಯನ್ನು ಅಲ್ಲಿಯೇ ಇಟ್ಟುಬಂದರು. ಯಾರೂ ಓದದ ಕತ್ತಲೆಯಲ್ಲಿ ಆ ಹೆಸರುಗಳಿವೆ. ಈ ಕೆಲಸ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದೆ.

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಎರಿ ಸೀಮೆಯಲ್ಲಿ ಹಡಗಿಲ್ಲ. ಹೊಳೆ ಇದೆ. ಹೊಳೆಆಲೂರಿನ ಮಗ್ಗುಲಲ್ಲಿ ಹರಿಯುವ ಮಲಪ್ರಭೆ ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಅಲ್ಲಿನ ಬಸವಣ್ಣನವರ ಐಕ್ಯಸ್ಥಳವನ್ನೂ ನುಂಗಬೇಕಿತ್ತು. ಸುತ್ತ ಎತ್ತರದ ದುಂಡು ಗೋಡೆ ಎಬ್ಬಿಸಿ ಉಳಿಸಿಕೊಂಡರು. ಇಂದು ಸೇತುವೆ ದಾಟಿ, ಬಾವಿಗಿಳಿದ ಹಾಗೆ ಮೆಟ್ಟಿಲು ಇಳಿದರೆ ಕೆಳಗೆ ಐಕ್ಯಲಿಂಗ. ಹಿನ್ನೀರು ತುಂಬಿದಾಗ ಗೋಡೆಯಾಚೆ ನೀರು ನಮ್ಮ ತಲೆಗಿಂತ ಎಷ್ಟೋ ಮೇಲಿರುತ್ತದೆ.

ಆ ಭಾಗ್ಯ ಎಲ್ಲಕ್ಕೂ ಸಿಗಲಿಲ್ಲ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಇದೇ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಮನೆ, ಹೊಲ, ಹನುಮಪ್ಪನ ಗುಡಿಕಟ್ಟೆಗಳು ಮುಳುಗಡೆಯಾದವು. ಅದೇ ನೀರು ಕಾಲುವೆಯಲ್ಲಿ ನರಗುಂದ, ರೋಣದ ಹೊಲಗಳಿಗೆ ಹರಿದು ಬಂತು. ಅದರ ಕರದ ಭಾರ ತಾಳದೆ 1980ರ ಜುಲೈ 21ರಂದು ಬೀದಿಗಿಳಿದ ರೈತರಿಗೆ ಗುಂಡೇಟು ಬಿತ್ತು. ಮಡಿದ ರೈತನ ವೀರಗಲ್ಲಿಗೆ ನರಗುಂದದಲ್ಲಿ ಪ್ರತಿವರ್ಷ ಮಾಲೆ ಹಾಕುತ್ತೇವೆ. ಹಾಕಲೇಬೇಕು. ಆ ನೀರಿಗಾಗಿ ಊರು ಬಿಟ್ಟವರನ್ನು ಮಾತ್ರ ಅಂದು ಯಾರೂ ನೆನೆಯುವುದಿಲ್ಲ.

ವೀರಗಲ್ಲಿನ ಪಕ್ಕದಲ್ಲೇ ಮುಳುಗಡೆ ಊರುಗಳ ಹೆಸರು ಕೆತ್ತಿದ ಒಂದು ಕಲ್ಲು ನಿಲ್ಲಬೇಕೆಂದು ನನ್ನ ಆಸೆ. ಅಂದು ಗಂಟುಮೂಟೆ ಕಟ್ಟಿದ ಹುಡುಗರಿಗೆ ಈಗ ವಯಸ್ಸಾಗಿದೆ. ಮುಂದಿನ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಆ ಕಡೆಯ ಹಿರಿಯರ ಹತ್ತಿರ ಒಂದು ಗಳಿಗೆ ಕುಳಿತು, ಮುಳುಗಿದ ಊರುಗಳ ಹೆಸರು ಕೇಳಿ ಬರೆದುಕೊಂಡು ಬನ್ನಿ.