ಪೈಲಟ್‌ನ ಗಡಿಯಾರದಲ್ಲಿ ಈಗ ಗಂಟೆ ಎಷ್ಟು?

ಮಕ್ಕಳೇ, ಯುದ್ಧವಿಮಾನವೊಂದು ಮೋಡದೊಳಗೆ ನುಗ್ಗಿ, ಆಚೆ ಬರುವಷ್ಟರಲ್ಲಿ ಬೇರೆಯೇ ಕಾಲಕ್ಕೆ ಹೋಗಿಬಿಡುವ ಕಥೆ ಕೇಳಿದ್ದೀರಾ? ನಿಜಕ್ಕೂ ಹಾಗಾಗುತ್ತದೆಯೇ? ಈ ಪ್ರಶ್ನೆ ಕೇಳಲು ತುಮಕೂರು ಒಳ್ಳೆಯ ಜಾಗ. ಇಲ್ಲಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ಹಿಂದೆ ವಾಚು ತಯಾರಾಗುತ್ತಿತ್ತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಗಡಿಯಾರವೂ ಹಾರಾಟವೂ ನಮ್ಮ ಜಿಲ್ಲೆಯವೇ.

ಮೊದಲು ಒಬ್ಬ ನಿಜವಾದ ಪೈಲಟ್‌ನ ಕಥೆ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ನಮ್ಮ ವಾಯುಪಡೆಯ ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರು ಮಿಸ್ಟೇರ್ ವಿಮಾನದಲ್ಲಿ ಹೋದರು. ಎದುರಾದದ್ದು ಸ್ಟಾರ್‌ಫೈಟರ್. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್‌ಗೆ ಅಷ್ಟು ವೇಗ ಎಲ್ಲಿಂದ ಬರಬೇಕು? ಆದರೂ ದೇವಯ್ಯ ಅದನ್ನು ಹೊಡೆದುರುಳಿಸಿದರು. ಅದರ ಪೈಲಟ್ ಹೊರಕ್ಕೆ ಜಿಗಿದು ಬದುಕಿಕೊಂಡ. ದೇವಯ್ಯ ಮಾತ್ರ ಹಿಂದಿರುಗಲಿಲ್ಲ.

ಇಷ್ಟು ಜೋರಾಗಿ ಹಾರುವಾಗ ಪೈಲಟ್‌ನ ಕೈಗಡಿಯಾರಕ್ಕೆ ಏನಾಗುತ್ತದೆ? ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ ಎಂದು 1905ರಲ್ಲೇ ಐನ್‌ಸ್ಟೈನ್ ಹೇಳಿದ್ದರು. ಗಡಿಯಾರ ಕೆಟ್ಟಿತೆಂದಲ್ಲ, ಅಲ್ಲಿ ಕಾಲವೇ ನಿಧಾನ. ವಿಮಾನವೊಂದು ನೆಲಕ್ಕೆ ಹತ್ತಿರದಲ್ಲಿ, ಉತ್ತರ ದಿಕ್ಕಿಗೆ, ಗಂಟೆಗೆ 1,000 ಕಿ.ಮೀ. ವೇಗದಲ್ಲಿ ಒಂದು ಗಂಟೆ ಹಾರಿತೆನ್ನಿ. ಅದರ ಗಡಿಯಾರ ಸುಮಾರು 1.5 ನ್ಯಾನೊಸೆಕೆಂಡ್ ಹಿಂದುಳಿಯುತ್ತದೆ. ಒಂದು ಸೆಕೆಂಡನ್ನು 100 ಕೋಟಿ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೊಸೆಕೆಂಡ್. ಅಂದರೆ ಪೈಲಟ್ ಅಷ್ಟು ಭವಿಷ್ಯಕ್ಕೆ ಬಂದಿಳಿದ! ಪೂರಾ ಒಂದು ಸೆಕೆಂಡು ಗಳಿಸಬೇಕಾದರೆ ಇದೇ ವೇಗದಲ್ಲಿ ಸುಮಾರು 74,000 ವರ್ಷ ಹಾರಬೇಕು. ಕುಣಿಗಲ್ ಫಾರ್ಮಿನಲ್ಲಿ ಓಡುವ ಕುದುರೆಗೂ ಇದೇ ನಿಯಮ. ಆದರೆ ಅದರ ಲಾಭ ಲೆಕ್ಕಕ್ಕೇ ಸಿಗದಷ್ಟು ಸಣ್ಣದು.

ಎತ್ತರದ ಆಟವೂ ಒಂದಿದೆ. ಮೇಲೆ ಹೋದಂತೆ ಗುರುತ್ವ ದುರ್ಬಲವಾಗಿ ಗಡಿಯಾರ ಮುಂದೋಡುತ್ತದೆ. ದೇವರಾಯನದುರ್ಗದ ತುದಿಯಲ್ಲಿಟ್ಟ ಗಡಿಯಾರ ತುಮಕೂರಿನ ಗಡಿಯಾರಕ್ಕಿಂತ ವರ್ಷಕ್ಕೆ ಒಂದು ಮೈಕ್ರೋಸೆಕೆಂಡಿಗಿಂತ ತುಸು ಹೆಚ್ಚು ಮುಂದಿರುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ಮೈಕ್ರೋಸೆಕೆಂಡ್.

ಇಷ್ಟು ಚಿಕ್ಕದನ್ನು ಅಳೆಯುವುದು ಹೇಗೆ? ಕೀ ಕೊಡುವ ಎಚ್‌ಎಂಟಿ ಜನತಾ ವಾಚು ಸೆಕೆಂಡಿಗೆ 5 ಸಲ ಟಿಕ್ ಎನ್ನುತ್ತದೆ. ಕ್ವಾರ್ಟ್ಜ್ ವಾಚಿನ ಹರಳು 32,768 ಸಲ ಕಂಪಿಸುತ್ತದೆ. ಸೀಸಿಯಂ ಪರಮಾಣು ಗಡಿಯಾರ ಎಣಿಸುವುದು 919 ಕೋಟಿಗೂ ಹೆಚ್ಚು ಕಂಪನಗಳನ್ನು! 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ವಿಜ್ಞಾನಿಗಳು ಇಂಥ 4 ಗಡಿಯಾರಗಳನ್ನು ಪ್ರಯಾಣಿಕರ ವಿಮಾನಗಳಲ್ಲಿ ಇಟ್ಟುಕೊಂಡು ಭೂಮಿ ಸುತ್ತಿದರು. ಪೂರ್ವಕ್ಕೆ ಸುತ್ತಿದಾಗ ಅವು 59 ನ್ಯಾನೊಸೆಕೆಂಡ್ ಹಿಂದುಳಿದವು. ಪಶ್ಚಿಮಕ್ಕೆ ಸುತ್ತಿದಾಗ 273 ನ್ಯಾನೊಸೆಕೆಂಡ್ ಮುಂದೋಡಿದವು. ಯಾಕೆ ಈ ವ್ಯತ್ಯಾಸ? ಭೂಮಿಯೇ ಪೂರ್ವಕ್ಕೆ ತಿರುಗುತ್ತಿದೆಯಲ್ಲ. ಪೂರ್ವಕ್ಕೆ ಹಾರಿದಾಗ ಆ ವೇಗ ವಿಮಾನದ ವೇಗಕ್ಕೆ ಸೇರುತ್ತದೆ, ಪಶ್ಚಿಮಕ್ಕೆ ಹಾರಿದಾಗ ಕಳೆಯುತ್ತದೆ.

ಇದೆಲ್ಲ ಬರೀ ತಮಾಷೆಯ ಲೆಕ್ಕ ಎಂದುಕೊಳ್ಳಬೇಡಿ. ಜಿಪಿಎಸ್ ಉಪಗ್ರಹಗಳ ಗಡಿಯಾರ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೋಡುತ್ತದೆ. ಅಷ್ಟರಲ್ಲಿ ಬೆಳಕು 11 ಕಿ.ಮೀ. ದಾಟಿರುತ್ತದೆ. ಮೊದಲೇ ಸರಿಪಡಿಸದಿದ್ದರೆ ಎರಡು ದಿನದಲ್ಲಿ ಉಪಗ್ರಹದ ದೂರದ ಲೆಕ್ಕ ಗುಬ್ಬಿಯಿಂದ ತುಮಕೂರಿಗಿರುವಷ್ಟು ತಪ್ಪುತ್ತದೆ. ಆಮೇಲೆ ಹೆಲಿಕಾಪ್ಟರ್ ಪೈಲಟ್ ದಾರಿ ಹುಡುಕುವುದು ಹೇಗೆ?

ಸರಿ, ಭವಿಷ್ಯಕ್ಕೆ ಚೂರು ಜಿಗಿಯಬಹುದು. ಹಿಂದಕ್ಕೆ? ಅದನ್ನು ಈವರೆಗೆ ಯಾರೂ ಮಾಡಿ ತೋರಿಸಿಲ್ಲ. ಆದರೆ ಹಿಂದೆ ನಡೆದದ್ದರ ಸುದ್ದಿ ತಡವಾಗಿಯಾದರೂ ನಮ್ಮ ಬಳಿ ಬರಬಲ್ಲದು. ದೇವಯ್ಯನವರ ಕೊನೆಯ ಕಾದಾಟದ ವಿಷಯ ಇಲ್ಲಿ ಗೊತ್ತಿರಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಬೆಳಕಿಗೆ ಬಂತು. 1988ರಲ್ಲಿ, ಅಂದರೆ 23 ವರ್ಷಗಳ ನಂತರ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು.

ನಕ್ಷತ್ರಗಳೂ ಹೀಗೆಯೇ ಹಳೆಯ ಸುದ್ದಿ ತರುತ್ತವೆ. ರೋಹಿಣಿ ಇರುವುದು ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿ. 1965ರಲ್ಲಿ ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಮುಟ್ಟುವುದು 2030ರ ಸುಮಾರಿಗೆ. ನಿಮಗೀಗ ಎಂಟೂವರೆ ವರ್ಷವೇ? ಹಾಗಾದರೆ ಚಳಿಗಾಲದ ರಾತ್ರಿ ಲುಬ್ಧಕವನ್ನು ನೋಡಿ. ನೀವು ಹುಟ್ಟಿದಾಗ ಹೊರಟ ಬೆಳಕು ಅದು. 17 ವರ್ಷದ ಅಕ್ಕನಿಗೆ ಶ್ರವಣ, 25 ವರ್ಷದ ಚಿಕ್ಕಪ್ಪನಿಗೆ ಅಭಿಜಿತ್. ಮನೆಯಲ್ಲಿ ಉಳಿದವರಿಗೆ ಯಾವ ನಕ್ಷತ್ರ ಹೊಂದುತ್ತದೆ ಎಂದು ನಿಮ್ಮ ವಿಜ್ಞಾನ ಮೇಷ್ಟ್ರನ್ನು ಕೇಳಿ ಪಟ್ಟಿ ಮಾಡಿ.